ಲಾಟು ನಂಬರ್ 117: ಆರು ಕಡೆ ಬರೆದ ಒಂದೇ ಸಬ್‌ಕ್ವೆರಿಯ ದುರಸ್ತಿ

ಶಿರಸಿಯ ಒಂದು ಅಡಿಕೆ ಮಾರಾಟ ಸಹಕಾರ ಸಂಘದ ಲೆಕ್ಕಪತ್ರದ ತಂತ್ರಾಂಶವನ್ನು ನಾನು ಆರು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಆಡಿಟ್‌ಗೆ ಕಾಗದಪತ್ರ ಜೋಡಿಸುತ್ತಿದ್ದಾಗ ಸಂಘದ ಹಿರಿಯ ಲೆಕ್ಕಿಗರು ಮಾರ್ಚ್ ತಿಂಗಳ ಒಂದು ದಿನದ ಮಾರಾಟ ಪಟ್ಟಿಯನ್ನೂ ಕ್ಯಾಲ್ಕುಲೇಟರನ್ನೂ ನನ್ನ ಮುಂದಿಟ್ಟು, "ತಮಾ, ಒಂದೇ ಲಾಟು ಎರಡು ನಮೂನಿ ಲೆಕ್ಕ ತೋರಸ್ತು ನೋಡು" ಎಂದರು. ಅವರ ಬೆರಳು ಲಾಟು ನಂಬರ್ 117ರ ಸಾಲಿನ ಮೇಲಿತ್ತು. ರಾಶಿ ಅಡಿಕೆ, ತೂಕ 4.25 ಕ್ವಿಂಟಾಲ್, ದರ ಕ್ವಿಂಟಾಲಿಗೆ 46,409 ರೂಪಾಯಿ, ಒಟ್ಟು ಮೊತ್ತ 1,97,238.25, ಕಮಿಷನ್ 3,986.42, ನಿವ್ವಳ 1,93,293.49. ಒಟ್ಟು ಮೊತ್ತದಿಂದ ಕಮಿಷನ್ ಕಳೆದರೆ 1,93,251.83 ಬರಬೇಕು, ಅಚ್ಚಾದ ನಿವ್ವಳ ಅದಕ್ಕಿಂತ 41 ರೂಪಾಯಿ 66 ಪೈಸೆ ಹೆಚ್ಚಿತ್ತು. ಪಟ್ಟಿ ತೆರೆಯಲು ಮುಕ್ಕಾಲು ನಿಮಿಷ ಹಿಡಿಯುತ್ತದೆ ಎಂಬ ದೂರು ಮೊದಲೇ ಇತ್ತು, ಅದಕ್ಕೆ ಎಲ್ಲರೂ ಒಗ್ಗಿಕೊಂಡಿದ್ದರು. ಲೆಕ್ಕ ತಪ್ಪಿದೆ ಎಂಬ ದೂರು ಬಂದದ್ದು ಅದೇ ಮೊದಲು.

ಮೊದಲ ದಿನ

ಓದುಗರ ಅನುಕೂಲಕ್ಕೆ ಟೆಂಡರಿನ ಕ್ರಮವನ್ನು ಮೊದಲು ಹೇಳಿಬಿಡುತ್ತೇನೆ. ಸದಸ್ಯರು ತಂದ ಚೀಲಗಳನ್ನು ತೂಗಿ, ಒಬ್ಬರ ಒಂದು ಬಗೆಯ ಅಡಿಕೆಗೆ ಒಂದು ಲಾಟು ನಂಬರ್ ಕೊಡಲಾಗುತ್ತದೆ. ವ್ಯಾಪಾರಿಗಳು ಲಾಟುಗಳ ನಡುವೆ ಓಡಾಡಿ, ಅಡಿಕೆಯನ್ನು ಕೈಯಲ್ಲಿ ಹಿಡಿದು ನೋಡಿ, ತಮ್ಮ ದರವನ್ನು ಚೀಟಿಯಲ್ಲಿ ಬರೆದು ಹಾಕುತ್ತಾರೆ. ಚೀಟಿ ತೆರೆದಾಗ ಯಾರ ದರ ಹೆಚ್ಚೋ ಲಾಟು ಅವರಿಗೆ. ಇಬ್ಬರ ದರ ಸಮನಾಗಿದ್ದರೆ ಮೊದಲು ನಮೂದಾದ ಚೀಟಿಗೆ ಎಂಬುದು ಈ ಸಂಘದ ವಾಡಿಕೆ. ಕೈತಪ್ಪಿ ಬರೆದ ಚೀಟಿಯನ್ನು ವ್ಯಾಪಾರಿ ಹಿಂದಕ್ಕೆ ಪಡೆದರೆ ಅದನ್ನು ಅಳಿಸದೆ 'ರದ್ದು' ಎಂದು ಗುರುತು ಹಾಕಿ ಇಡುತ್ತಾರೆ. ಡೇಟಾಬೇಸಿನಲ್ಲಿ ಇದಕ್ಕೆ 'ಲಾಟು' ಎಂಬ ಟೇಬಲ್ಲೂ ಅದರ ಪ್ರತಿ ಸಾಲಿಗೆ ಹಲವು ಸಾಲುಗಳಿರುವ 'ಬಿಡ್' ಎಂಬ ಟೇಬಲ್ಲೂ ಇವೆ. ಆರು ವರ್ಷಗಳಲ್ಲಿ ಲಾಟುಗಳು ಸುಮಾರು 84 ಸಾವಿರ, ಬಿಡ್‌ಗಳು ಸುಮಾರು 5 ಲಕ್ಷ 60 ಸಾವಿರ ಆಗಿವೆ. ಸರ್ವರಿನಲ್ಲಿರುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ 13ನೆಯ ಆವೃತ್ತಿ.

ದಿನದ ಮಾರಾಟ ಪಟ್ಟಿಯ ಕ್ವೆರಿಯನ್ನು, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆಯನ್ನು, ತೆರೆದು ನೋಡಿದೆ. ಅದನ್ನು ಬರೆದವನು ನಾನೇ ಆದ್ದರಿಂದ ದೂರಲು ಬೇರೆ ಯಾರೂ ಸಿಗಲಿಲ್ಲ. ಅದರ ಮುಖ್ಯ ಭಾಗ ಹೀಗಿತ್ತು. ಸೆಲೆಕ್ಟ್ ಬೇಕಾದ ಕಾಲಮ್ಮುಗಳನ್ನು, ಫ್ರಮ್ ಟೇಬಲ್ಲನ್ನು, ವೇರ್ ಷರತ್ತನ್ನು ಹೇಳುತ್ತವೆ; ಆವರಣದೊಳಗೆ ಬರೆದ, ಕ್ವೆರಿಯೊಳಗಿನ ಕ್ವೆರಿಯೇ ಸಬ್‌ಕ್ವೆರಿ. ಕೀವರ್ಡುಗಳನ್ನು ಇಲ್ಲಿ ಕಿವಿಗೆ ಕೇಳುವಂತೆ ಕನ್ನಡದಲ್ಲಿ ಬರೆದಿದ್ದೇನೆ; ಯಂತ್ರಕ್ಕೆ ಕೊಡುವಾಗ ಅವು ಇಂಗ್ಲಿಷಿನಲ್ಲೇ ಇರಬೇಕು. ಟೇಬಲ್ ಮತ್ತು ಕಾಲಮ್ಮಿನ ಹೆಸರುಗಳು ಮಾತ್ರ ಕನ್ನಡದಲ್ಲಿದ್ದರೂ ಪೋಸ್ಟ್‌ಗ್ರೆಸ್ ತಕರಾರು ಮಾಡುವುದಿಲ್ಲ.

ಸೆಲೆಕ್ಟ್ ಲಾ.ಸಂಖ್ಯೆ,
  (ಸೆಲೆಕ್ಟ್ ಮ್ಯಾಕ್ಸ್(ಬಿ.ದರ) ಫ್ರಮ್ ಬಿಡ್ ಬಿ
     ವೇರ್ ಬಿ.ಲಾಟು_ಐಡಿ = ಲಾ.ಐಡಿ ಆ್ಯಂಡ್ ನಾಟ್ ಬಿ.ರದ್ದು) ಆ್ಯಸ್ ದರ,
  ರೌಂಡ್(ಲಾ.ತೂಕ * (ಅದೇ ಸಬ್‌ಕ್ವೆರಿ), 2) ಆ್ಯಸ್ ಒಟ್ಟು,
  ರೌಂಡ್(ಲಾ.ತೂಕ * (ಅದೇ ಸಬ್‌ಕ್ವೆರಿ) * 0.02, 2) ಆ್ಯಸ್ ಕಮಿಷನ್,
  ರೌಂಡ್(ಲಾ.ತೂಕ * (ಅದೇ ಸಬ್‌ಕ್ವೆರಿ)
      - ಲಾ.ತೂಕ * (ಅದೇ ಸಬ್‌ಕ್ವೆರಿ) * 0.02, 2) ಆ್ಯಸ್ ನಿವ್ವಳ
ಫ್ರಮ್ ಲಾಟು ಲಾ
ವೇರ್ ಲಾ.ದಿನಾಂಕ = ಬೇಕಾದ ದಿನ
  ಆ್ಯಂಡ್ (ಅದೇ ಸಬ್‌ಕ್ವೆರಿ) ಈಸ್ ನಾಟ್ ನಲ್

'ಅದೇ ಸಬ್‌ಕ್ವೆರಿ' ಎಂದು ನಾನು ಇಲ್ಲಿ ಚುಟುಕಾಗಿ ಬರೆದ ಕಡೆಯಲ್ಲೆಲ್ಲ ಮೂಲದಲ್ಲಿ ಪೂರ್ತಿ ಪಠ್ಯವೇ ಇತ್ತು. ದರಕ್ಕೆ ಒಂದು, ಒಟ್ಟು ಮೊತ್ತಕ್ಕೆ ಒಂದು, ಕಮಿಷನ್‌ಗೆ ಒಂದು, ನಿವ್ವಳಕ್ಕೆ ಎರಡು, ಬಿಡ್ ಬಾರದ ಲಾಟುಗಳನ್ನು ಕೈಬಿಡಲು ವೇರ್‌ನಲ್ಲಿ ಒಂದು, ಹೀಗೆ ಆರು ಪ್ರತಿಗಳು. ಇವಲ್ಲದೆ ಗೆದ್ದ ವ್ಯಾಪಾರಿಯ ಹೆಸರಿಗಾಗಿ ದರದ ಇಳಿಕೆಯ ಕ್ರಮದಲ್ಲಿ ಜೋಡಿಸಿ ಮೊದಲ ಸಾಲನ್ನು ತೆಗೆಯುವ ಏಳನೆಯ ಸಬ್‌ಕ್ವೆರಿ ಬೇರೆ.

ತಪ್ಪು ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಚೀಟಿ ರದ್ದು ಮಾಡುವ ಸೌಲಭ್ಯವನ್ನು ಎರಡು ವರ್ಷಗಳ ಹಿಂದೆ ಸೇರಿಸಿದಾಗ 'ರದ್ದಾಗಿರಬಾರದು' ಎಂಬ ಷರತ್ತನ್ನು ಪ್ರತಿಯೊಂದು ಪ್ರತಿಯಲ್ಲೂ ಹಾಕಬೇಕಿತ್ತು. ಎಡಿಟರಿನಲ್ಲಿ ಹುಡುಕಿ ಬದಲಿಸುವ ಆಜ್ಞೆ ಕೊಟ್ಟು ಆ ಕೆಲಸ ಮುಗಿಸಿದ್ದೆ. ಕಮಿಷನ್ ಸಾಲಿನ ಪ್ರತಿಯಲ್ಲಿ ಮಾತ್ರ ಅದೇನು ಕಾರಣವೋ 'ಬಿ' ಎಂಬುದರ ಬದಲು 'ಬಿ2' ಎಂಬ ಅಡ್ಡಹೆಸರು ಇದ್ದುದರಿಂದ ಅದು ಹುಡುಕಾಟಕ್ಕೆ ಸಿಕ್ಕಿರಲಿಲ್ಲ. 117ನೆಯ ಲಾಟಿಗೆ ಒಬ್ಬ ವ್ಯಾಪಾರಿ 46,899 ಎಂದು ಬರೆದು ಆಮೇಲೆ ರದ್ದು ಮಾಡಿಸಿದ್ದರು. ಉಳಿದ ಐದು ಪ್ರತಿಗಳು 46,409ನ್ನು ಹಿಡಿದರೆ ಕಮಿಷನ್ ಮಾತ್ರ ರದ್ದಾದ ಚೀಟಿಯ ಮೇಲೆ ನಿಂತಿತ್ತು. ದರದ ವ್ಯತ್ಯಾಸ 490 ರೂಪಾಯಿ, ತೂಕ 4.25, ಅದರ ಶೇಕಡಾ 2 ಎಂದರೆ 41 ರೂಪಾಯಿ 65 ಪೈಸೆ. ಮಿಕ್ಕ ಒಂದು ಪೈಸೆ, ಕಮಿಷನನ್ನು ಒಂದು ಕಡೆ ರೌಂಡ್ ಮಾಡಿ ನಿವ್ವಳದೊಳಗಿನ ಕಮಿಷನನ್ನು ರೌಂಡ್ ಮಾಡದೆ ಕಳೆದುದರ ಫಲ. ನಿವ್ವಳ ಸರಿಯಾಗಿದ್ದುದರಿಂದ ಸದಸ್ಯರಿಗೆ ಸಂದ ಹಣದಲ್ಲಿ ರೂಪಾಯಿಗಟ್ಟಲೆಯ ಮೋಸವಾಗಿರಲಿಲ್ಲ. ಸಂಘದ ಕಮಿಷನ್ ರಿಜಿಸ್ಟರಿನಲ್ಲಿ ಮಾತ್ರ ಬಾರದ ಹಣ ಬಂದಂತೆ ಜಮೆಯಾಗಿತ್ತು.

ಬಿಟ್ಟುಹೋದ ಷರತ್ತನ್ನು ಆ ಒಂದು ಸಾಲಿಗೆ ಸೇರಿಸಿ ಎದ್ದುಬರಬಹುದಿತ್ತು. ಆದರೆ ನಾಳೆ ಇನ್ನೊಂದು ಷರತ್ತು ಬಂದಾಗ ಏಳು ಕಡೆ ತಿದ್ದುವವನು ಮತ್ತೆ ನಾನೇ, ಆರು ಕಡೆ ತಿದ್ದಿ ಒಂದನ್ನು ಮರೆಯುವವನೂ ನಾನೇ. ಬುಡದಿಂದಲೇ ಬಿಚ್ಚಿ ಕಟ್ಟುವುದೆಂದು ನಿಶ್ಚಯಿಸಿದೆ.

ಎರಡನೆಯ ದಿನ

ಬಿಚ್ಚುವ ಮೊದಲು ಎಕ್ಸ್‌ಪ್ಲೇನ್ ಅನಲೈಸ್ ಓಡಿಸಿ ಯಂತ್ರ ಮಾಡುತ್ತಿರುವುದೇನು ಎಂದು ನೋಡಿದೆ. ಒಂದೇ ಪಠ್ಯವನ್ನು ಆರು ಸಲ ಬರೆದರೆ ಡೇಟಾಬೇಸು ಅದನ್ನು ಗುರುತಿಸಿ ಒಂದೇ ಸಲ ಲೆಕ್ಕ ಹಾಕುತ್ತದೆ ಎಂಬ ನಂಬಿಕೆ ಹಲವರಲ್ಲಿದೆ, ನನ್ನಲ್ಲೂ ಇತ್ತು. ಪೋಸ್ಟ್‌ಗ್ರೆಸ್ ಹಾಗೆ ಮಾಡುವುದಿಲ್ಲ. ಪ್ರತಿಯೊಂದು ಪ್ರತಿಯೂ 'ಸಬ್‌ಪ್ಲಾನ್ 1', 'ಸಬ್‌ಪ್ಲಾನ್ 2' ಎಂದು ಬೇರೆ ಬೇರೆಯಾಗಿಯೇ ನಿಂತಿತ್ತು. ಆ ದಿನದ ಲಾಟುಗಳು 146, ಅವುಗಳಲ್ಲಿ ಬಿಡ್ ಬಾರದವು 6. ವೇರ್‌ನಲ್ಲಿದ್ದ ಪ್ರತಿಯ ಮುಂದೆ 'ಲೂಪ್ಸ್ 146' ಎಂದೂ ಉಳಿದ ಆರು ಸಬ್‌ಕ್ವೆರಿಗಳ ಮುಂದೆ 'ಲೂಪ್ಸ್ 140' ಎಂದೂ ಇತ್ತು. ಕೂಡಿಸಿದರೆ 986 ಓಟ. ಪ್ರತಿ ಓಟದಲ್ಲೂ ಬಿಡ್ ಟೇಬಲ್ಲನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ, 5 ಲಕ್ಷ 60 ಸಾವಿರದಲ್ಲಿ ಏಳೆಂಟನ್ನು ಇಟ್ಟುಕೊಂಡು ಉಳಿದುದನ್ನು ಎಸೆಯುತ್ತಿತ್ತು. ಒಂದು ಓಟಕ್ಕೆ ಸುಮಾರು 46 ಮಿಲಿಸೆಕೆಂಡ್. ಒಟ್ಟು 45 ಸೆಕೆಂಡಿಗೆ ತುಸು ಹೆಚ್ಚು. ಜನ ಪಟ್ಟಿ ತೆರೆಯಲು ಕೊಟ್ಟು ಚಹಾ ಕುಡಿಯಲು ಹೋಗುತ್ತಿದ್ದುದಕ್ಕೆ ಲೆಕ್ಕ ಸಿಕ್ಕಿತು.

ಟೇಬಲ್ಲನ್ನು ಪೂರ್ತಿ ಓದಲು ಕಾರಣ, ಬಿಡ್‌ನ 'ಲಾಟು_ಐಡಿ' ಕಾಲಮ್ಮಿಗೆ ಇಂಡೆಕ್ಸ್, ಅಂದರೆ ಬೇಕಾದ ಸಾಲನ್ನು ನೇರವಾಗಿ ಹುಡುಕಿಕೊಡುವ ಸೂಚಿ, ಇಲ್ಲದಿದ್ದುದು. ಒಂದು ಟೇಬಲ್ಲಿನ ಸಾಲು ಇನ್ನೊಂದರ ಯಾವ ಸಾಲಿಗೆ ಸೇರಿದ್ದೆಂದು ಹೇಳುವ ಫಾರಿನ್ ಕೀ ಘೋಷಿಸಿದರೆ ಇಂಡೆಕ್ಸ್ ತಾನಾಗಿ ಬರುತ್ತದೆ ಎಂದುಕೊಂಡಿದ್ದೆ. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸಿನ ಇನ್ನೋಡಿಬಿ ಎಂಬ ಸಂಗ್ರಹ ಭಾಗದಲ್ಲಿ ಅದು ನಿಜ. ಪೋಸ್ಟ್‌ಗ್ರೆಸ್ ಅದನ್ನು ನಮಗೆ ಬಿಟ್ಟಿದೆ. 'ಲಾಟು_ಐಡಿ, ದರ' ಎಂಬ ಜೋಡಿಗೆ ಒಂದು ಇಂಡೆಕ್ಸ್ ಕಟ್ಟಿದ ಕೂಡಲೇ 45 ಸೆಕೆಂಡಿನ ಪಟ್ಟಿ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ತೆರೆಯಿತು. ವೇಗ ಮಾತ್ರ ಬೇಕಾಗಿದ್ದವರ ಕೆಲಸ ಇಲ್ಲಿಗೇ ಮುಗಿಯುತ್ತಿತ್ತು. ಸಬ್‌ಕ್ವೆರಿಗಳ ಪುನರಾವರ್ತನೆಯನ್ನು ನಿಧಾನಗತಿಗಾಗಿಯೇ ದೂರುವವರು ಈ ಹಂತವನ್ನು ಒಮ್ಮೆ ನೋಡಬೇಕು. ನಿಧಾನಕ್ಕೆ ಹೆಚ್ಚಿನ ಪಾಲು ಕಾರಣ ಇಂಡೆಕ್ಸಿನ ಕೊರತೆಯಾಗಿತ್ತು, ಆರು ಪ್ರತಿಗಳು ಅದನ್ನು ಆರು ಪಟ್ಟು ಮಾಡಿದ್ದವು ಅಷ್ಟೇ.

ಆದರೆ ಹೊಸದಾಗಿ ಅಚ್ಚು ಹಾಕಿದ ಪಟ್ಟಿಯಲ್ಲಿ 117ನೆಯ ಲಾಟಿನ ವ್ಯಾಪಾರಿಯ ಹೆಸರೇ ಬದಲಾಗಿತ್ತು. ಇಂಡೆಕ್ಸ್ ಸೇರಿಸಿದ್ದನ್ನು ಬಿಟ್ಟರೆ ನಾನು ಬೇರೇನನ್ನೂ ಮುಟ್ಟಿರಲಿಲ್ಲ. ಆ ಲಾಟಿಗೆ 46,409 ಎಂದು ಬರೆದವರು ಇಬ್ಬರಿದ್ದರು. ಏಳನೆಯ ಸಬ್‌ಕ್ವೆರಿ 'ದರದ ಇಳಿಕೆಯ ಕ್ರಮದಲ್ಲಿ ಮೊದಲನೆಯದು' ಎಂದಷ್ಟೇ ಕೇಳುತ್ತಿತ್ತು, ಸಮನಾದಾಗ ಯಾರು ಎಂದು ಹೇಳಿರಲಿಲ್ಲ. ಟೇಬಲ್ಲನ್ನು ಮೊದಲಿನಿಂದ ಓದುತ್ತಿದ್ದಾಗ ಮೊದಲು ನಮೂದಾದ ಚೀಟಿ ಅದೃಷ್ಟವಶಾತ್ ಮೇಲೆ ಬರುತ್ತಿತ್ತು. ಈಗ ಏರಿಕೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸನ್ನು ಯಂತ್ರ ಹಿಂದುಮುಂದಾಗಿ ಓದತೊಡಗಿದ್ದರಿಂದ ಕೊನೆಗೆ ನಮೂದಾದ ಚೀಟಿ ಮೊದಲು ಸಿಕ್ಕಿತು. ಸಾಲುಗಳ ಕ್ರಮ ತಿಳಿಸುವ ಆರ್ಡರ್ ಬೈನಲ್ಲಿ ಹೇಳದ ಕ್ರಮದ ಬಗ್ಗೆ ಎಸ್‌ಕ್ಯೂಎಲ್ ಎಂಬ ಈ ಕ್ವೆರಿ ಭಾಷೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಲಾಟು ಹೋಗಿದ್ದ ವ್ಯಾಪಾರಿಯ ಬದಲು ಇನ್ನೊಬ್ಬರ ಹೆಸರಿಗೆ ಬಿಲ್ಲು ಹೋಗಿದ್ದರೆ ಟೆಂಡರ್ ಕಟ್ಟೆಯಲ್ಲಿ ಏನಾಗುತ್ತಿತ್ತು ಎಂಬುದನ್ನು ಶಿರಸಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಇಂಡೆಕ್ಸನ್ನು ಅಂದು ಸಂಜೆಯೇ ತೆಗೆದೆ.

ದರವನ್ನು ಒಂದು ಸಬ್‌ಕ್ವೆರಿಯಿಂದಲೂ ಆ ದರ ಕೊಟ್ಟವರ ಹೆಸರನ್ನು ಇನ್ನೊಂದರಿಂದಲೂ ತರುವ ಈ ಪದ್ಧತಿಯಲ್ಲಿ ಎರಡೂ ಒಂದೇ ಚೀಟಿಯಿಂದ ಬಂದಿವೆ ಎಂದು ಹೇಳಲು ಯಾವ ಆಧಾರವೂ ಇರಲಿಲ್ಲ. ನನಗೆ ಬೇಕಾದದ್ದು ಗೆದ್ದ ಚೀಟಿಯ ಇಡೀ ಸಾಲು, ಅದೂ ಒಂದೇ ಸಲ.

ಮೂರನೆಯ ದಿನ

ಮೊದಲು ಎಲ್ಲರೂ ಮಾಡುವ ಪ್ರಯತ್ನವನ್ನೇ ಮಾಡಿದೆ. 'ಒಟ್ಟು' ಎಂದು ಹೆಸರಿಟ್ಟ ಕಾಲಮ್ಮನ್ನು ಮುಂದಿನ ಸಾಲಿನಲ್ಲಿ 'ಒಟ್ಟು * 0.02' ಎಂದು ಬಳಸಿದೆ. 'ಕಾಲಮ್ ಒಟ್ಟು ಡಸ್ ನಾಟ್ ಎಕ್ಸಿಸ್ಟ್' ಎಂದು ಉತ್ತರ ಬಂತು. ಕ್ವೆರಿಯನ್ನು ನಾವು ಸೆಲೆಕ್ಟ್‌ನಿಂದ ಓದಲು ತೊಡಗಿದರೂ ಅದರ ಅರ್ಥ ಕಟ್ಟಿಕೊಳ್ಳುವ ಕ್ರಮ ಬೇರೆ: ಮೊದಲು ಫ್ರಮ್, ಆಮೇಲೆ ವೇರ್, ಗ್ರೂಪ್ ಬೈ, ಹ್ಯಾವಿಂಗ್, ಅದಾದ ಮೇಲೆ ಸೆಲೆಕ್ಟ್, ಕಡೆಗೆ ಆರ್ಡರ್ ಬೈ. ಸೆಲೆಕ್ಟ್‌ನಲ್ಲಿ ಇಟ್ಟ ಹೆಸರು ವೇರ್‌ಗೆ ಗೊತ್ತಿರುವುದಿಲ್ಲ. ಅದೇ ಸೆಲೆಕ್ಟ್‌ನ ಪಕ್ಕದ ಕಾಲಮ್ಮಿಗೂ ಗೊತ್ತಿರುವುದಿಲ್ಲ. ಆರ್ಡರ್ ಬೈಗೆ ಗೊತ್ತಿರುತ್ತದೆ. ಆರು ವರ್ಷಗಳ ಹಿಂದೆ ಇದೇ ತಪ್ಪು ಸಂದೇಶ ಕಂಡು ನಾನು ಸಬ್‌ಕ್ವೆರಿಯನ್ನು ನಕಲು ಮಾಡಿ ಅಂಟಿಸಲು ತೊಡಗಿದ್ದಿರಬೇಕು. ಇದರ ಅರ್ಥ ಇಷ್ಟೇ: ಒಂದು ಲೆಕ್ಕ ಹಲವು ಕಡೆ ಬೇಕಾದರೆ ಅದನ್ನು ಸೆಲೆಕ್ಟ್‌ನಿಂದ ತೆಗೆದು ಫ್ರಮ್‌ಗೆ ಇಳಿಸಬೇಕು, ಅಲ್ಲಿ ಹೆಸರು ಪಡೆದದ್ದು ಮುಂದಿನ ಎಲ್ಲ ಕಡೆಯೂ ಕಾಣುತ್ತದೆ.

ಫ್ರಮ್‌ಗೆ ಇಳಿಸುವ ಆತುರದಲ್ಲಿ ಇನ್ನೊಂದು ತಪ್ಪು ಮಾಡಿದೆ. ಪಟ್ಟಿಯ ಕೊನೆಯಲ್ಲಿ ಸದಸ್ಯರು ಬೆಳೆಯ ಮೇಲೆ ಪಡೆದ ಮುಂಗಡದ ಬಾಕಿಯೂ ಇರುತ್ತದೆ. ಅದಕ್ಕೂ ಒಂದು ಸಬ್‌ಕ್ವೆರಿ ಇತ್ತು. ಎಲ್ಲವನ್ನೂ ಒಮ್ಮೆಗೇ ಸರಿಮಾಡುವ ಉಮೇದಿನಲ್ಲಿ ಲಾಟು, ಬಿಡ್, ಮುಂಗಡ ಮೂರನ್ನೂ ನೇರ ಜಾಯಿನ್ ಮಾಡಿ (ಸಾಲಿಗೆ ಸಾಲು ಜೋಡಿಸಿ) ಲಾಟುವಾರು ಒಟ್ಟುಗೂಡಿಸಲು ಗ್ರೂಪ್ ಬೈ ಹಾಕಿದೆ. 117ರ ಸದಸ್ಯರು 20,000, 15,000, 10,000 ಎಂದು ಮೂರು ಸಲ ಮುಂಗಡ ಪಡೆದಿದ್ದರು, ಒಟ್ಟು 45,000. ಪಟ್ಟಿಯಲ್ಲಿ ಬಂದದ್ದು 1,35,000. ಆ ಲಾಟಿಗೆ ಚಾಲ್ತಿಯಲ್ಲಿದ್ದ ಚೀಟಿಗಳು ಮೂರು. ಪ್ರತಿ ಚೀಟಿಯ ಜೊತೆಗೂ ಮೂರೂ ಮುಂಗಡಗಳು ಜೋಡಿಯಾಗಿ ಒಂಬತ್ತು ಸಾಲುಗಳಾಗಿದ್ದವು, ಮೊತ್ತ ಮೂರು ಪಟ್ಟಾಗಿತ್ತು. ಗರಿಷ್ಠ ದರಕ್ಕೆ ಇದರಿಂದ ಬಾಧೆಯಿಲ್ಲ, ಒಂದೇ ಸಂಖ್ಯೆ ಮೂರು ಸಲ ಬಂದರೂ ಗರಿಷ್ಠ ಅದೇ. ಹಾಗಾಗಿ ದರದ ಕಾಲಮ್ಮು ಮಾತ್ರ ನೋಡಿದವರಿಗೆ ಎಲ್ಲವೂ ಸರಿಯೆಂದೇ ತೋರುತ್ತದೆ. ಮೊತ್ತದೊಳಗೆ ಡಿಸ್ಟಿಂಕ್ಟ್ ಎಂದು ಸೇರಿಸಿದರೆ ಸಂಖ್ಯೆ 45,000ಕ್ಕೆ ಇಳಿಯುತ್ತದೆ, ಆದರೆ ಅದು ಮದ್ದಲ್ಲ: ಒಬ್ಬರು ಎರಡು ಸಲ ಹತ್ತತ್ತು ಸಾವಿರ ಪಡೆದಿದ್ದರೆ ಒಂದು ಹತ್ತು ಸಾವಿರ ಮಾಯವಾಗುತ್ತದೆ. ಅಂದು ಮಧ್ಯಾಹ್ನದ ಮೇಲೆ ಗುಡುಗು ಮಳೆ ಬಂದು ಕರೆಂಟು ಹೋಯಿತು, ಯುಪಿಎಸ್ ಕೂಗತೊಡಗಿತು, ಎಲ್ಲವನ್ನೂ ಮುಚ್ಚಿಟ್ಟು ಮನೆಗೆ ಬಂದೆ. ಒಂದಕ್ಕೆ ಹಲವು ಸಂಬಂಧವಿರುವ ಎರಡು ಟೇಬಲ್ಲುಗಳನ್ನು ಕೂಡಿಸುವ ಮೊದಲು ಪ್ರತಿಯೊಂದನ್ನೂ ಅದರಷ್ಟಕ್ಕೆ ಒಂದು ಸಾಲಿಗೆ ಇಳಿಸಿಕೊಳ್ಳಬೇಕು ಎಂಬುದನ್ನು ಕಾಗದದ ಮೇಲೆ ಬರೆದುಕೊಂಡೆ.

ನಾಲ್ಕನೆಯ ದಿನ

ಈ ಸಲ ಲ್ಯಾಟರಲ್ ಬಳಸಿದೆ. ಫ್ರಮ್‌ನಲ್ಲಿ ಬರೆದ ಸಾಮಾನ್ಯ ಸಬ್‌ಕ್ವೆರಿಗೆ ತನ್ನ ಪಕ್ಕದ ಟೇಬಲ್ಲಿನ ಕಾಲಮ್ಮುಗಳು ಕಾಣುವುದಿಲ್ಲ. ಲ್ಯಾಟರಲ್ ಎಂದು ಹೇಳಿದರೆ ತನಗಿಂತ ಮೊದಲು ಬಂದವೆಲ್ಲ ಕಾಣುತ್ತವೆ. ಪೋಸ್ಟ್‌ಗ್ರೆಸ್‌ಗೆ ಇದು 2013ರ 9.3ನೆಯ ಆವೃತ್ತಿಯಲ್ಲಿ ಬಂತು.

ಸೆಲೆಕ್ಟ್ ಲಾ.ಸಂಖ್ಯೆ, ಗೆ.ವ್ಯಾಪಾರಿ, ಗೆ.ದರ, ಮೊ.ಒಟ್ಟು, ಕ.ಕಮಿಷನ್,
       ಮೊ.ಒಟ್ಟು - ಕ.ಕಮಿಷನ್ ಆ್ಯಸ್ ನಿವ್ವಳ
ಫ್ರಮ್ ಲಾಟು ಲಾ
ಕ್ರಾಸ್ ಜಾಯಿನ್ ಲ್ಯಾಟರಲ್ (
   ಸೆಲೆಕ್ಟ್ ಬಿ.ದರ, ಬಿ.ವ್ಯಾಪಾರಿ
   ಫ್ರಮ್ ಬಿಡ್ ಬಿ
   ವೇರ್ ಬಿ.ಲಾಟು_ಐಡಿ = ಲಾ.ಐಡಿ ಆ್ಯಂಡ್ ನಾಟ್ ಬಿ.ರದ್ದು
   ಆರ್ಡರ್ ಬೈ ಬಿ.ದರ ಡೆಸ್ಕ್, ಬಿ.ಸಮಯ, ಬಿ.ಐಡಿ
   ಲಿಮಿಟ್ 1
) ಗೆ
ಕ್ರಾಸ್ ಜಾಯಿನ್ ಲ್ಯಾಟರಲ್
   (ಸೆಲೆಕ್ಟ್ ರೌಂಡ್(ಲಾ.ತೂಕ * ಗೆ.ದರ, 2) ಆ್ಯಸ್ ಒಟ್ಟು) ಮೊ
ಕ್ರಾಸ್ ಜಾಯಿನ್ ಲ್ಯಾಟರಲ್
   (ಸೆಲೆಕ್ಟ್ ರೌಂಡ್(ಮೊ.ಒಟ್ಟು * 0.02, 2) ಆ್ಯಸ್ ಕಮಿಷನ್) ಕ
ವೇರ್ ಲಾ.ದಿನಾಂಕ = ಬೇಕಾದ ದಿನ

'ಗೆ' ಎಂಬುದು ಗೆದ್ದ ಚೀಟಿ. ದರವೂ ವ್ಯಾಪಾರಿಯೂ ಒಂದೇ ಸಾಲಿನಿಂದ ಬರುವುದರಿಂದ ಅವು ಬೇರೆ ಬೇರೆ ಚೀಟಿಗಳಿಂದ ಬರುವ ಸಂಭವವೇ ಇಲ್ಲ. ಸಮ ದರದ ವಾಡಿಕೆ ಆರ್ಡರ್ ಬೈನಲ್ಲಿ ಬರಹಕ್ಕೆ ಇಳಿದಿದೆ: ದರ ('ಡೆಸ್ಕ್' ಎಂದರೆ ಇಳಿಕೆಯ ಕ್ರಮ), ಆಮೇಲೆ ನಮೂದಾದ ಸಮಯ, ಅದೂ ಒಂದೇ ಆದರೆ ಐಡಿ. ರದ್ದಿನ ಷರತ್ತು ಇರುವುದು ಒಂದೇ ಕಡೆ. ಬಿಡ್ ಬಾರದ ಲಾಟಿಗೆ ಈ ಸಬ್‌ಕ್ವೆರಿ ಸಾಲನ್ನೇ ಕೊಡದಿರುವುದರಿಂದ ಕ್ರಾಸ್ ಜಾಯಿನ್ ಆ ಲಾಟನ್ನು ತಾನಾಗಿ ಕೈಬಿಡುತ್ತದೆ, ವೇರ್‌ನಲ್ಲಿದ್ದ ಪ್ರತಿ ಬೇಕಾಗುವುದಿಲ್ಲ. ಅಂಥ ಲಾಟುಗಳೂ ಪಟ್ಟಿಯಲ್ಲಿ ಬೇಕೆಂದರೆ ಮೂರು ಕಡೆಯೂ ಲೆಫ್ಟ್ ಜಾಯಿನ್ ಲ್ಯಾಟರಲ್ ಎಂದು ಬರೆದು ಕೊನೆಗೆ 'ಆನ್ ಟ್ರೂ' ಸೇರಿಸಿದರೆ ಸಾಕು.

ಅದರ ಕೆಳಗಿನ ಎರಡು ಚಿಕ್ಕ ಲ್ಯಾಟರಲ್‌ಗಳಲ್ಲಿ ಫ್ರಮ್ ಕೂಡ ಇಲ್ಲ. ಒಂದು ಲೆಕ್ಕಕ್ಕೆ ಹೆಸರಿಡುವುದಷ್ಟೇ ಅವುಗಳ ಕೆಲಸ. ನನಗೆ ಈ ದುರಸ್ತಿಯಲ್ಲಿ ಅತಿ ಹೆಚ್ಚು ಹಿಡಿಸಿದ ಭಾಗ ಇದೇ. ಕಮಿಷನ್ ಒಮ್ಮೆ 3,944.77 ಎಂದು ರೌಂಡ್ ಆದ ಮೇಲೆ ನಿವ್ವಳವು ಅದೇ ಸಂಖ್ಯೆಯನ್ನು ಕಳೆಯುತ್ತದೆ, ಆದ್ದರಿಂದ ಅಚ್ಚಾದ ಕಾಲಮ್ಮುಗಳನ್ನು ಕ್ಯಾಲ್ಕುಲೇಟರಿನಲ್ಲಿ ಕಳೆದರೂ ಅದೇ 1,93,293.48 ಬರುತ್ತದೆ. ತೂಕ, ದರ ಎರಡೂ ದಶಮಾಂಶವನ್ನು ಕರಾರುವಾಕ್ಕಾಗಿ ಇಡುವ ನ್ಯೂಮರಿಕ್ ಬಗೆಯವು ಎಂಬುದನ್ನೂ ಹೇಳಬೇಕು. ಅಂದಾಜಾಗಿ ಇಡುವ ಫ್ಲೋಟ್‌ನಲ್ಲಿ ಇಟ್ಟಿದ್ದರೆ ಪೈಸೆಯ ಮಾತೇ ಎತ್ತುವಂತಿರಲಿಲ್ಲ. ಇಂಡೆಕ್ಸನ್ನು ಈಗ ಆರ್ಡರ್ ಬೈಗೆ ಸರಿಹೊಂದುವಂತೆ 'ಲಾಟು_ಐಡಿ, ದರ ಡೆಸ್ಕ್, ಸಮಯ, ಐಡಿ' ಎಂದು, ರದ್ದಾಗದ ಸಾಲುಗಳಿಗೆ ಮಾತ್ರ ಕಟ್ಟಿದೆ. 146 ಲಾಟಿಗೆ 146 ಸಲ ಇಂಡೆಕ್ಸಿನ ಮೊದಲ ಎಲೆ ತಿರುವಿದರೆ ಮುಗಿಯಿತು. ದಿನದ ಪಟ್ಟಿಗೆ 8 ಮಿಲಿಸೆಕೆಂಡ್.

ಇದೇ ಕೆಲಸವನ್ನು, ಸಬ್‌ಕ್ವೆರಿಗೆ ಮೊದಲೇ ಹೆಸರಿಟ್ಟುಕೊಳ್ಳುವ ವಿತ್ ಬಳಸಿಯೂ ಮಾಡಿ ನೋಡಿದೆ, ಏಕೆಂದರೆ ಓದಲು ಅದು ಹೆಚ್ಚು ಸಲೀಸು. 'ಗೆದ್ದ_ಚೀಟಿ' ಎಂಬ ಹೆಸರಿನಲ್ಲಿ ಡಿಸ್ಟಿಂಕ್ಟ್ ಆನ್ ಮೂಲಕ ಪ್ರತಿ ಲಾಟಿಗೆ ಒಂದೊಂದು ಸಾಲನ್ನು ಮೊದಲೇ ಆರಿಸಿ, ಆಮೇಲೆ ಲಾಟಿನ ಜೊತೆ ಜಾಯಿನ್ ಮಾಡುವುದು. ಉತ್ತರ ಅದೇ, ಸಮಯ ಮಾತ್ರ ಒಂದು ಸೆಕೆಂಡಿಗೆ ಹತ್ತಿರ. ನನಗೆ ಬೇಕಾದದ್ದು ಒಂದು ದಿನದ 146 ಲಾಟು. ಅದು ಆರು ವರ್ಷದ 84 ಸಾವಿರ ಲಾಟಿಗೂ ಗೆದ್ದವರನ್ನು ಆರಿಸಿ ಆಮೇಲೆ ಎಸೆಯುತ್ತಿತ್ತು, ಹೊರಗಿನ ದಿನಾಂಕದ ಷರತ್ತು ಜಾಯಿನ್ ದಾಟಿ ಡಿಸ್ಟಿಂಕ್ಟ್ ಆನ್‌ನ ಒಳಗೆ ಇಳಿಯುವುದಿಲ್ಲ. ವರ್ಷದ ಪಟ್ಟಿಗೆ, ಅಂದರೆ ಸುಮಾರು 14 ಸಾವಿರ ಲಾಟಿಗೆ, ಎರಡೂ ಬಗೆಗಳ ನಡುವಿನ ಅಂತರ ಗಣನೆಗೆ ಬರುವಷ್ಟಿರಲಿಲ್ಲ. ಕೆಲವೇ ಸಾಲುಗಳಿಗೆ ಲ್ಯಾಟರಲ್, ಬಹುಪಾಲು ಸಾಲುಗಳಿಗೆ ಒಟ್ಟಿಗೆ ಲೆಕ್ಕ ಹಾಕುವ ವಿತ್ ಎಂದು ನಾನು ಪಾಲು ಮಾಡಿಕೊಂಡಿದ್ದೇನೆ.

ವಿತ್ ಎಂದು ಬರೆದ ಮಾತ್ರಕ್ಕೆ ಒಂದೇ ಸಲ ಲೆಕ್ಕವಾಗುತ್ತದೆ ಎಂದುಕೊಳ್ಳುವುದೂ ಅಪಾಯಕರ. ಪೋಸ್ಟ್‌ಗ್ರೆಸ್‌ನಲ್ಲಿ 2019ರ 12ನೆಯ ಆವೃತ್ತಿಗಿಂತ ಮೊದಲು ವಿತ್‌ನ ಭಾಗ ಯಾವಾಗಲೂ ಪ್ರತ್ಯೇಕವಾಗಿ ಲೆಕ್ಕವಾಗಿ ಇಡಲ್ಪಡುತ್ತಿತ್ತು. ಅಂದಿನಿಂದ ಒಂದೇ ಕಡೆ ಬಳಸಿದ ಸರಳ ವಿತ್ ಹೊರಗಿನ ಕ್ವೆರಿಯಲ್ಲಿ ಕರಗುತ್ತದೆ, ಎರಡು ಮೂರು ಕಡೆ ಬಳಸಿದ್ದು ಒಮ್ಮೆ ಲೆಕ್ಕವಾಗಿ ಉಳಿಯುತ್ತದೆ. ಬೇರೆ ರೀತಿ ಬೇಕೆಂದರೆ ಮೆಟೀರಿಯಲೈಸ್ಡ್ ಅಥವಾ ನಾಟ್ ಮೆಟೀರಿಯಲೈಸ್ಡ್ ಎಂದು ನಾವೇ ಹೇಳಬೇಕು. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಾದರೋ ಹೆಸರಿಸಿದಷ್ಟು ಸಲವೂ ಅದನ್ನು ಹೊಸದಾಗಿ ಬಿಡಿಸಲಾಗುತ್ತದೆ. ಪಠ್ಯದ ಪುನರಾವರ್ತನೆ ತಪ್ಪುವುದು ಎಲ್ಲ ಕಡೆಯೂ ಖಾತ್ರಿ, ಓಟದ ಪುನರಾವರ್ತನೆ ತಪ್ಪುವುದು ಆಯಾ ಡೇಟಾಬೇಸಿನ ಗುಣ.

ಮುಂಗಡಕ್ಕೆ ಸದಸ್ಯರ ಐಡಿಯ ಮೇಲೆ ಮೊದಲೇ ಮೊತ್ತ ಹಾಕಿದ ಒಂದು ವಿತ್ ಬರೆದು ಲೆಫ್ಟ್ ಜಾಯಿನ್ ಮಾಡಿದೆ. ಇಲ್ಲಿ ಸಣ್ಣದೊಂದು ಕೊಸರು ಉಳಿದಿತ್ತು. 'ಎಷ್ಟು ಸಲ ಮುಂಗಡ' ಎಂಬ ಕಾಲಮ್ಮು ಹಳೆಯ ಪಟ್ಟಿಯಲ್ಲಿ ಮುಂಗಡ ಪಡೆಯದವರಿಗೆ 0 ಎಂದು ತೋರಿಸುತ್ತಿತ್ತು, ಹೊಸದರಲ್ಲಿ ಖಾಲಿ ಬಂತು. ಸೆಲೆಕ್ಟ್‌ನೊಳಗಿನ ಕೌಂಟ್ ಸಾಲು ಸಿಗದಿದ್ದರೂ 0 ಕೊಡುತ್ತದೆ. ಗ್ರೂಪ್ ಬೈ ಮಾಡಿದ ಟೇಬಲ್ಲಿನಲ್ಲಿ ಆ ಸದಸ್ಯರ ಸಾಲೇ ಇರುವುದಿಲ್ಲ, ಜಾಯಿನ್ ನಲ್ (ಬೆಲೆಯಿಲ್ಲದ ಖಾಲಿ) ತುಂಬುತ್ತದೆ. ನಲ್ ಇದ್ದಲ್ಲಿ ಬೇರೆ ಬೆಲೆ ಕೊಡುವ ಕೋಅಲೆಸ್ ಹಾಕಿ 0 ಮಾಡಿದೆ.

ಐದನೆಯ ದಿನ ಮತ್ತು ನಂತರ

ಹಳೆಯ ಕ್ವೆರಿಯನ್ನೂ ಹೊಸದನ್ನೂ ಎರಡು ವ್ಯೂಗಳಲ್ಲಿ (ಹೆಸರಿಟ್ಟು ಉಳಿಸಿದ ಕ್ವೆರಿಗಳಲ್ಲಿ) ಇಟ್ಟು, ಜನವರಿಯಿಂದ ಮಾರ್ಚ್‌ವರೆಗಿನ ಮೂರು ತಿಂಗಳ ಲಾಟುಗಳನ್ನು ಎಕ್ಸೆಪ್ಟ್ ಆಲ್ ಮೂಲಕ ಹೋಲಿಸಿದೆ. ಹಳೆಯದರಲ್ಲಿದ್ದು ಹೊಸದರಲ್ಲಿಲ್ಲದವು ಒಮ್ಮೆ, ಹೊಸದರಲ್ಲಿದ್ದು ಹಳೆಯದರಲ್ಲಿಲ್ಲದವು ಇನ್ನೊಮ್ಮೆ. ಒಂದೇ ದಿಕ್ಕಿನಲ್ಲಿ ನೋಡಿದರೆ ಹೆಚ್ಚುವರಿ ಸಾಲುಗಳು ಕಣ್ಣು ತಪ್ಪಿಸುತ್ತವೆ, ಆಲ್ ಎಂದು ಹೇಳದಿದ್ದರೆ ಒಂದೇ ತೆರನ ಸಾಲುಗಳು ಒಂದಾಗಿಬಿಡುತ್ತವೆ. ಮೊದಲ ಸಲ ನೂರಾರು ಸಾಲು ಬಂದು ಎದೆ ಧಸಕ್ಕೆಂದಿತು. ಹೆಚ್ಚಿನವು ಒಂದು ಪೈಸೆಯವು. ಪೈಸೆಯ ವ್ಯತ್ಯಾಸವನ್ನು ಬದಿಗಿಟ್ಟ ಮೇಲೆ ಉಳಿದವು 23, ಎಲ್ಲವೂ ಕಮಿಷನ್ ಕಾಲಮ್ಮಿನವು, ಎಲ್ಲದರಲ್ಲೂ ರದ್ದಾದ ಚೀಟಿಯ ದರವೇ ಹೆಚ್ಚು. ಆ 23ರ ಪಟ್ಟಿಯನ್ನು ಅಚ್ಚು ಹಾಕಿ ಲೆಕ್ಕಿಗರಿಗೆ ಕೊಟ್ಟೆ. ಕಮಿಷನ್ ಖಾತೆಯ ಹೊಂದಾಣಿಕೆ ನಮೂದನ್ನು ಅವರು ಅದರಿಂದಲೇ ಮಾಡಿಕೊಂಡರು.

ಸಂಘದಲ್ಲಿ ದಿನದ ಪಟ್ಟಿಯಲ್ಲದೆ ಸದಸ್ಯರ ಖಾತೆ ವಿವರ, ವ್ಯಾಪಾರಿ ಬಿಲ್ಲು, ಕಮಿಷನ್ ರಿಜಿಸ್ಟರ್ ಎಂಬ ಮೂರು ವರದಿಗಳಲ್ಲೂ ಅದೇ ಗರಿಷ್ಠ ದರದ ಸಬ್‌ಕ್ವೆರಿ ಚದುರಿ ಬಿದ್ದಿತ್ತು. ಮೇಲಿನ ಕ್ವೆರಿಯನ್ನು ದಿನಾಂಕದ ಷರತ್ತಿಲ್ಲದೆ 'ಲಾಟು_ಲೆಕ್ಕ' ಎಂಬ ವ್ಯೂ ಮಾಡಿ, ನಾಲ್ಕೂ ವರದಿಗಳು ಅದರಿಂದಲೇ ಓದುವಂತೆ ಬದಲಿಸಿದೆ. ವ್ಯೂ ಏನನ್ನೂ ಕೂಡಿಡುವುದಿಲ್ಲ, ಹೆಸರಿಟ್ಟ ಕ್ವೆರಿಯ ಪಠ್ಯ ಮಾತ್ರ ಅದು. ವರದಿ ಹಾಕುವ ದಿನಾಂಕದ ಷರತ್ತು ಒಳಗಿನ ಲಾಟು ಟೇಬಲ್ಲಿಗೆ ನೇರವಾಗಿ ತಲುಪುತ್ತದೆ ಎಂಬುದನ್ನು ಎಕ್ಸ್‌ಪ್ಲೇನ್‌ನಲ್ಲಿ ಖಚಿತಪಡಿಸಿಕೊಂಡೆ.

ಘಟ್ಟದ ಕೆಳಗಿನ ಶಾಖೆಯ ಯಂತ್ರದಲ್ಲಿ ಇನ್ನೂ ಮೈಎಸ್‌ಕ್ಯೂಎಲ್ 5.7 ಇದೆ. ಅದಕ್ಕೆ ವಿತ್ ಗೊತ್ತಿಲ್ಲ, ಲ್ಯಾಟರಲ್ ಗೊತ್ತಿಲ್ಲ, ವಿತ್ 8.0ರಲ್ಲಿ, ಲ್ಯಾಟರಲ್ 8.0.14ರಲ್ಲಿ ಬಂದವು. ಅಲ್ಲಿನ ಪಟ್ಟಿ ಎಂದೂ ನಿಧಾನವೆನಿಸದಿದ್ದುದು ಫಾರಿನ್ ಕೀಯ ಇಂಡೆಕ್ಸ್ ತಾನಾಗಿ ಇದ್ದುದರಿಂದ ಎಂಬುದು ಈಗ ತಿಳಿಯಿತು. ತಪ್ಪು ಕಮಿಷನ್ ಮಾತ್ರ ಅಲ್ಲೂ ಇತ್ತು. ರದ್ದಾಗದ ಚೀಟಿಗಳಿಗೆ 'ಚಾಲ್ತಿ_ಬಿಡ್' ಎಂಬ ವ್ಯೂ ಮಾಡಿ, ಅದರಿಂದ ಲಾಟುವಾರು ಗರಿಷ್ಠ ದರ ತೆಗೆದು, ಆ ದರವಿರುವ ಚೀಟಿಗಳಲ್ಲಿ ಅತಿ ಚಿಕ್ಕ ಐಡಿಯನ್ನು ಆರಿಸಿ, ಆ ಐಡಿಯ ಸಾಲನ್ನು ಮತ್ತೆ ಜಾಯಿನ್ ಮಾಡಿದೆ. ಮೂರು ಸುತ್ತಿನ ಈ ಕಟ್ಟು ನೋಡಲು ಚೆಂದವಿಲ್ಲ, ಆದರೆ ರದ್ದಿನ ಷರತ್ತು ಅಲ್ಲಿಯೂ ಒಂದೇ ಕಡೆ ಇದೆ. 5.7ಕ್ಕೆ ಅಧಿಕೃತ ಬೆಂಬಲ 2023ರ ಅಕ್ಟೋಬರಿನಲ್ಲೇ ಮುಗಿದಿರುವುದರಿಂದ ಅದನ್ನು ಮೇಲ್ದರ್ಜೆಗೇರಿಸುವ ಅರ್ಜಿ ಆಡಳಿತ ಮಂಡಳಿಯ ಮುಂದಿದೆ.

ಮಾರ್ಚ್‌ನ ಆ ದಿನದ ಪಟ್ಟಿಯನ್ನು ಹೊಸದಾಗಿ ಅಚ್ಚು ಹಾಕಿ ಲೆಕ್ಕಿಗರ ಮೇಜಿನ ಮೇಲಿಟ್ಟಾಗ ಅವರು 117ನ್ನು ನೋಡಿ ತಲೆಯಾಡಿಸಿದರು, ಕ್ಯಾಲ್ಕುಲೇಟರನ್ನು ಮಾತ್ರ ಕೆಳಗಿಡಲಿಲ್ಲ. 118ರಿಂದ ಮೊದಲುಮಾಡಿ 146ರವರೆಗೆ ಪ್ರತಿ ಸಾಲನ್ನೂ ಕಳೆದು ನೋಡಿ, ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕುತ್ತ ಹೋದರು.